ಅಡುಗೆಮನೆ ಸೇರಿದ ಹಿಂದಿನ ಸ್ಪೀಕರುಗಳು

ಚನ್ನಬಸವಯ್ಯನ ಜೀವಮಾನದ ಅತ್ಯುತ್ತಮ ಭಾಷಣ ಅರ್ಧಕ್ಕೇ ನಿಂತುಹೋಗಿತ್ತು. ಅವನಿಗಿದ್ದದ್ದು ಅದೊಂದೇ ಕೊರಗು. ರೈತ ಚಳವಳಿಯಲ್ಲಿ ಲಾಠಿ ತಿಂದದ್ದರ ಬಗ್ಗೆ ಅವನಿಗೆ ಕೊರಗಿರಲಿಲ್ಲ (ಏಟು ತಿಂದ ಬೆನ್ನುಗಳಲ್ಲಿ ಅವನದು ಮಧ್ಯಮ ದರ್ಜೆಯದು). ಜೈಲಿನ ನೀರು ಸಾರಿನ ಬಗ್ಗೆಯೂ ಇರಲಿಲ್ಲ. ಆದರೆ ತೊಂಬತ್ತೇಳನೇ ಇಸವಿಯಲ್ಲಿ ಹಳ್ಳಿಮೈಸೂರಿನ ತನ್ನ ಮನೆಯಂಗಳದಲ್ಲೇ ನಡೆದ ಮಗಳು ಹಂಸಳ ಮದುವೆಯಲ್ಲಿ, ಭಾಷಣದ ನಡುವೆ ಕರೆಂಟು ಹೋಗಿ ಮೈಕು ಸತ್ತದ್ದನ್ನು ಮಾತ್ರ ಅವನು ಮರೆಯಲಿಲ್ಲ.

ಮದುವೆಯಲ್ಲಿ ಭಾಷಣವೆಂಥದು ಎಂದು ಹೊಸಬರು ಕೇಳಬಹುದು. ಹಸಿರು ಶಾಲಿನವರ ಮನೆಯ ಮದುವೆಯೆಂದರೆ ಸರಳ ಮದುವೆ. ಪುರೋಹಿತರಿಲ್ಲ, ವಾಲಗವಿಲ್ಲ, ಬ್ಯಾಂಡಿಲ್ಲ. ಹಾರ ಬದಲಾಯಿಸಿದರೆ ಮದುವೆ ಮುಗಿಯಿತು. ಹೀಗೆ ಎಲ್ಲದರಲ್ಲೂ ಉಳಿಸಿದ ಹೊತ್ತನ್ನೆಲ್ಲ ಚನ್ನಬಸವಯ್ಯ ಭಾಷಣಕ್ಕೆ ಸುರಿದಿದ್ದ. ಬಿತ್ತನೆ ಬೀಜದಿಂದ ಹೊರಟು, ಗೊಬ್ಬರದ ಅಂಗಡಿ ಹಾಯ್ದು, ವಿಶ್ವ ವ್ಯಾಪಾರದ ಒಪ್ಪಂದವನ್ನು ಚೆನ್ನಾಗಿ ಝಾಡಿಸಿ, ಇನ್ನೇನು ಮನೆಯ ಕಡೆಗೆ ತಿರುಗಿ ವಂದನಾರ್ಪಣೆ ಶುರು ಮಾಡಬೇಕು, ಅಷ್ಟರಲ್ಲಿ ಮೈಕು ಸತ್ತಿತು. ‘ಕರೆಂಟ್ ಓಯ್ತು’ ಎಂದು ಯಾರೋ ಕೂಗಿದರು. ಅದಕ್ಕೇ ಕಾದಿದ್ದವರಂತೆ ಜನ ಎದ್ದು ಪಂಕ್ತಿಯಲ್ಲಿ ಕೂತರು. ಮಾರನೆಯ ದಿನ ಚನ್ನಬಸವಯ್ಯ ಹೊಳೆನರಸೀಪುರದ ಕರೆಂಟ್ ಆಫೀಸಿನ ಮುಂದೆ ಧರಣಿ ಕೂತ. ‘ನಿನ್ನೆ ಕರೆಂಟೇ ಓಗಿಲ್ಲ ಸಾ, ನಮ್ಮವ್ವನಾಣೆ’ ಎಂದು ಲೈನ್‌ಮ್ಯಾನ್ ಅಳುಮುಖ ಮಾಡಿಕೊಂಡು ಹೇಳಿದ. ಕರೆಂಟಿನವರ ಮಾತು ನಂಬುವ ರೈತ ಆ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಪಾಪದ ಲೈನ್‌ಮ್ಯಾನ್‌ಗೆ ಬೇರೆ ಊರಿಗೆ ವರ್ಗವಾಯಿತು.

ಅದೇ ಮದುವೆಯ ಕ್ಯಾಸೆಟ್ಟಿನ ಬಗ್ಗೆ ಚನ್ನಬಸವಯ್ಯನ ಹೆಂಡತಿ ಗಂಗಾಂಬಿಕೆಗೂ ಒಂದು ಆಸೆಯಿತ್ತು. ಮದುವೆಯಾಗಿ ಹನ್ನೆರಡು ವರ್ಷವಾಗುವ ಹೊತ್ತಿಗೆ, ಅವಳ ತಾಯಿ ಗುರುಸಿದ್ದಮ್ಮ ತೀರಿಹೋಗಿ ವರ್ಷ ತುಂಬುತ್ತ ಬಂದಿತ್ತು. ಮುದುಕಿಯ ಫೋಟೋ ಇದ್ದವು, ಸೀರೆ ಇದ್ದವು, ಅಡಕೆಲೆ ಚೀಲ ಇತ್ತು. ದನಿ ಮಾತ್ರ ಆ ಕ್ಯಾಸೆಟ್ಟಿನಲ್ಲಲ್ಲದೆ ಬೇರೆಲ್ಲೂ ಇರಲಿಲ್ಲ. ವಾಲಗವಿಲ್ಲದ ಮದುವೆಯಲ್ಲಿ ಪದವಾದರೂ ಇರಲಿ ಎಂದು ಗುರುಸಿದ್ದಮ್ಮ ಅಂದು ಹೆಂಗಸರ ನಡುವೆ ಕೂತು ಸೋಬಾನೆ ಹೇಳಿದ್ದಳು. ಅಳಿಯ ಮೈಕಿನಲ್ಲಿ ಗುಡುಗುತ್ತಿದ್ದಾಗಲೇ ಹೇಳಿದ್ದಳು. ಆದ್ದರಿಂದ ಕ್ಯಾಸೆಟ್ಟು ಹಾಕಿದಾಗಲೆಲ್ಲ ಅವಳ ಬಾಯಿ ಆಡುತ್ತಿತ್ತು, ಕಿವಿಗೆ ಮಾತ್ರ ವಿಶ್ವ ವ್ಯಾಪಾರ ಬೀಳುತ್ತಿತ್ತು.

ಗುರುಸಿದ್ದಮ್ಮ ಸಾಮಾನ್ಯದ ಹೆಂಗಸಲ್ಲ. ಚನ್ನಬಸವಯ್ಯ ಜೈಲು ಸೇರಿದಾಗ ಅರಕಲಗೂಡಿನ ಕಡೆಯ ತನ್ನ ಊರಿಂದ ಗಾಡಿ ಹೊಡೆಸಿಕೊಂಡು ಬಂದು, ಅವನ ಹೊಲಕ್ಕೆ ಆಲೂಗಡ್ಡೆ ಹಾಕಿಸಿ, ಕಿತ್ತು, ಮಾರಿ ಹೋದವಳು. ಅವನನ್ನು ಹುಡುಕಿಕೊಂಡು ಬಂದ ಚಳವಳಿಯವರಿಗೆಲ್ಲ ಬೈಯುತ್ತಲೇ ಮುದ್ದೆ ಬಡಿಸಿದವಳು. ಅಳಿಯ ಜೈಲಿಂದ ಬಂದಾಗ ಅವಳಾಡಿದ್ದು ಒಂದೇ ಮಾತು: ‘ಬಂದ್ಯಾ ಸತ್ಯಾಗ್ರಹಿ? ಕೈ ತೊಳ್ಕ.’ ಅವಳಿಗೆ ವಂದನೆ ಹೇಳಬೇಕೆಂದು ಅವನಿಗೆ ತುಂಬ ಇತ್ತು. ಆದರೆ ಮೈಕಿಲ್ಲದೆ, ಎದುರಿಗೆ ಒಬ್ಬರನ್ನೇ ಇಟ್ಟುಕೊಂಡು ಮಾತಾಡುವ ಅಭ್ಯಾಸ ಅವನಿಗಿರಲಿಲ್ಲ. ಅದಕ್ಕೇ ಆ ವಂದನೆಯನ್ನು ಭಾಷಣದ ತುದಿಗೆ ಕಟ್ಟಿದ್ದ. ತುದಿ ಬರಲೇ ಇಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ಹಂಸಳ ಗಂಡ ಸಂಜಯ್ ಒಂದು ಶನಿವಾರ ಕಂಪ್ಯೂಟರ್, ಹೊಸ ಟಿವಿ, ಹೋಂ ಥಿಯೇಟರ್ ಎಲ್ಲ ಹೊತ್ತುಕೊಂಡು ಬಂದ. ಚನ್ನರಾಯಪಟ್ಟಣದ ಮನೆತನದವನು, ಹಾಸನದ ಐಟಿಐನಲ್ಲಿ ಮೇಷ್ಟ್ರು. ಭಾನುವಾರ ಅಜ್ಜಿಯ ವರ್ಷದ ಕಾರ್ಯ. ಊಟವಾದ ಮೇಲೆ ಬಂದ ನೆಂಟರಿಗೆಲ್ಲ ಮದುವೆಯ ವಿಡಿಯೋ ತೋರಿಸಬೇಕು, ಅತ್ತೆಗೆ ಅವರಮ್ಮನ ಹಾಡು ಕೇಳಿಸಬೇಕು ಎಂದು ಅವನ ಲೆಕ್ಕ. ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿತ್ತು. ಅದನ್ನು ಒರೆಸಿ, ಒಣಗಿಸಿ, ಹೇಗೋ ಓಡಿಸಿ ಕಂಪ್ಯೂಟರಿಗೆ ಇಳಿಸಿದ. ಅಷ್ಟರಲ್ಲಿ ಟೇಪು ಕಡಿದು ಸುರುಳಿಬಿತ್ತು. ಬೆಂಗಳೂರಿಂದ ತರಿಸಿದ್ದ ಖಾಲಿ ಡಿಸ್ಕು ಇದ್ದದ್ದು ಒಂದೇ.

‘ಇದು ಬ್ಲೂ-ರೇ ಮಾವ. ನೀಲಿ ಬೆಳಕಲ್ಲಿ ಬರೆಯುತ್ತೆ. ಒಂದು ಸಲ ಬರೆದರೆ ಅಳಿಸೋಕಾಗಲ್ಲ.’

‘ಅಸಿರು ಬೆಳಕಿಂದು ಸಿಗ್ಲಿಲ್ವಾ?’ ಎಂದ ಚನ್ನಬಸವಯ್ಯ.

ಕಂಪ್ಯೂಟರ್ ಒಂದೊಂದಾಗಿ ಪ್ರಶ್ನೆ ಕೇಳತೊಡಗಿತು. ಮೊದಲನೆಯದು ಪರದೆಯದು. ಹಳೆಯ ಚಿತ್ರ ಚೌಕ, ಹೊಸ ಟಿವಿ ಅಗಲ. ಇದ್ದ ಹಾಗೇ ಬಿಟ್ಟರೆ ಎರಡು ಪಕ್ಕದಲ್ಲೂ ಕಪ್ಪು ಪಟ್ಟಿ ಉಳಿಯುತ್ತದೆ. ಎಳೆದರೆ ಪರದೆ ತುಂಬುತ್ತದೆ, ಜನ ದಪ್ಪಗಾಗುತ್ತಾರೆ.

‘ಎಳೀರಿ ಅಳಿಯಂದ್ರೆ. ಎರಡೂ ಕಡೆ ಬೀಳು ಬುಡಾಕೆ ಇದೇನು ಗೋಮಾಳವಾ?’

‘ನಮ್ಮವ್ವ ಕಡ್ಡಿ ಇದ್ದಂಗಿದ್ಲು,’ ಗಂಗಾಂಬಿಕೆ ಒಳಗಿಂದಲೇ ಕೂಗಿದಳು. ‘ಈಗ ಸತ್ತ ಮ್ಯಾಲೆ ಅವಳ್ನ ಕಣಜ ಮಾಡ್ಬ್ಯಾಡಿ!’

ಇದೊಂದು ಮಾತು ಗೆದ್ದಿತು. ಪಟ್ಟಿ ಉಳಿಯಿತು.

ಎರಡನೆಯದು ಬಿಟ್‌ರೇಟು, ಅಂದರೆ ಚಿತ್ರಕ್ಕೆ ಡಿಸ್ಕಿನಲ್ಲಿ ಎಷ್ಟು ಜಾಗ ಕೊಡಬೇಕೆಂಬ ಲೆಕ್ಕ. ಹೆಚ್ಚಿಟ್ಟರೆ ಚಿತ್ರ ಸ್ವಚ್ಛ, ಆದರೆ ಹಳೆ ಟೇಪಿಗೆ ಅಷ್ಟೊಂದು ಬೇಕಿಲ್ಲ ಎಂದ ಸಂಜಯ್. ‘ರೇಟು ಅಂದ ಮ್ಯಾಲೆ ಎಚ್ಚೇ ಇರ್ಲಿ. ಕಮ್ಮಿ ರೇಟಿಗೆ ಒಪ್ಕಂಡೇ ಅಲ್ವಾ ಈ ದೇಸ ಕೆಟ್ಟಿದ್ದು?’ ಎಂದ ಮಾವ. ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿತ್ತು. ಸಂಜಯ್ ಹೆಚ್ಚೇ ಇಟ್ಟ.

ಮೂರನೆಯದು ಶಬ್ದದ್ದು. ನಿಜವಾದ ಕದನ ಶುರುವಾದದ್ದು ಇಲ್ಲಿ.

‘ಒಂದು ಒಳ್ಳೇ ಸುದ್ದಿ ಇದೆ ಅತ್ತೆ,’ ಎಂದ ಸಂಜಯ್. ‘ವಿಡಿಯೋ ಮಾಡಿದ ಗೌರೀಶಂಕರ ಬುದ್ಧಿವಂತ. ಟೇಪಿನ ಒಂದು ಸಾಲಿಗೆ ಮೈಕ್ ಸೆಟ್ಟಿನ ವಯರು ಕೊಟ್ಟಿದ್ದಾನೆ, ಇನ್ನೊಂದಕ್ಕೆ ಕ್ಯಾಮರಾದ್ದೇ ಸಣ್ಣ ಮೈಕು. ಕ್ಯಾಮರಾ ಇದ್ದದ್ದು ಹೆಂಗಸರ ಪಕ್ಕ. ಮಾವನ ಭಾಷಣ ಒಂದು ಕಡೆ, ಅಜ್ಜಿ ಹಾಡು ಇನ್ನೊಂದು ಕಡೆ. ಇಷ್ಟು ವರ್ಷ ಎರಡೂ ಕಲಸಿಕೊಂಡು ಬರ್ತಿತ್ತು. ಈಗ ಬೇರೆ ಮಾಡಬಹುದು. ಹೋಂ ಥಿಯೇಟರಲ್ಲಿ ಮುಂದೆ ಮೂರು ಡಬ್ಬ, ಹಿಂದೆ ಎರಡು, ಗುಡುಗಿಗೆ ಒಂದು ದೊಡ್ಡ ಡಬ್ಬ. ಯಾವುದಕ್ಕೆ ಯಾವುದು ಹಾಕಲಿ?’

ಗಂಗಾಂಬಿಕೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ‘ನಮ್ಮವ್ವನ ಪದ ಮುಂದ್ಕೆ ಆಕಪ್ಪ.’

‘ಅದೆಂಗಾದಾತು? ಮುಖ್ಯ ಭಾಷಣ ಮುಂದ್ಕೆ. ಪದ ಇಂದೆ ಇರ್ಲಿ, ಸಣ್ಣಗೆ. ಎಂಗಸ್ರ ಗುಜುಗುಜು ಇದ್ರೆ ಸಭೆ ತುಂಬಿತ್ತು ಅಂತ ಗೊತ್ತಾಯ್ತದೆ.’

‘ಆ ಭಾಷಣ ಕೇಳ್ದೇ ಇರೋರು ಈ ಓಬಳೀಲಿ ಯಾರವ್ರೆ? ಎಮ್ಮೆಗೂ ಬಾಯಿಪಾಠ ಆಗೈತೆ!’

‘ಎರಡು ಥರಾನೂ ಹಾಕ್ತೀನಿ ಮಾವ,’ ಎಂದ ಸಂಜಯ್. ‘ರಿಮೋಟಲ್ಲಿ ಒತ್ತಿದರೆ ಭಾಷಣ, ಇನ್ನೊಂದು ಒತ್ತಿದರೆ ಹಾಡು.’

‘ಒಂದು ಸಭೇಗೆ ಎರಡು ಮೈಕಾ? ನಮ್ ಸಂಘ ಒಡ್ದಿದ್ದೇ ಅಂಗೆ ಕಣ್ರೀ!’

ಗಂಗಾಂಬಿಕೆ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಪಾತ್ರೆ ಕುಕ್ಕಿದ್ದರೆ ಚನ್ನಬಸವಯ್ಯ ಧೈರ್ಯವಾಗಿರುತ್ತಿದ್ದ. ಕುಕ್ಕಲಿಲ್ಲ. ಆದರೂ ತುದಿಯಿಲ್ಲದಿದ್ದರೇನು, ಇರುವಷ್ಟಾದರೂ ಭಾಷಣ ಗುಡುಗಲಿ ಎಂಬ ಆಸೆ ಗೆದ್ದಿತು. ಸಂಜಯ್ ಮಾವ ಹೇಳಿದಂತೆಯೇ ಒತ್ತಿದ. ನೀಲಿ ಬೆಳಕು ತನ್ನ ಕೆಲಸ ಮಾಡಿತು.

ಭಾನುವಾರ ಬೆಳಿಗ್ಗೆ ಚನ್ನಬಸವಯ್ಯ ಪಂಚೆ ಎತ್ತಿಕಟ್ಟಿ ಸ್ಪೀಕರ್ ಕಟ್ಟಲು ನಿಂತ. ಎಷ್ಟೋ ಸಮಾವೇಶಗಳಲ್ಲಿ ಮರ ಹತ್ತಿ ಮೈಕಿನ ಹಾರ್ನು ಕಟ್ಟಿದ ಕೈ ಅದು. ಮುಂದಿನ ಮೂರು ಡಬ್ಬ ಟಿವಿಯ ಹತ್ತಿರ ಕೂತವು, ಗುಡುಗಿನ ಡಬ್ಬ ಮಂಚದ ಕೆಳಗೆ ಹೋಯಿತು. ಹಿಂದಿನ ಎರಡಕ್ಕೆ ಉದ್ದ ವಯರು ಜೋಡಿಸಿ, ಒಂದನ್ನು ಅಡುಗೆಮನೆಯ ಗೂಡಿನಲ್ಲೂ ಇನ್ನೊಂದನ್ನು ಹಿತ್ತಿಲ ಜಗಲಿಯ ಗಳದ ಮೇಲೂ ಕಟ್ಟಿದ.

‘ಮಾವ, ಇದು ಒಬ್ಬರು ಮಧ್ಯ ಕೂತರೆ ಅವರ ಸುತ್ತ ಇಡಬೇಕಾದ್ದು.’

‘ಒಬ್ಬನ ಸುತ್ತ ಆರು ಡಬ್ಬವಾ? ಇದೇನು ಪಾಳೇಗಾರಿಕೆನಾ? ಇಂದೆ ಕೂತೋರಿಗೆ ಕೇಳ್ದಿದ್ರೆ ಅದು ಸಭೇನೇ ಅಲ್ಲ. ಎಂಗಸ್ರೆಲ್ಲ ಅಡಿಗೆಮನೇಲಿರ್ತಾರೆ. ಅವ್ರೂ ಕೇಳ್ಬ್ಯಾಡ್ವಾ ನನ್ ಭಾಷಣಾವ?’

‘ಅದಲ್ಲ ಮಾವ, ಹಿಂದಿನ ಡಬ್ಬಕ್ಕೆ ನಾವು ಹಾಕಿರೋದು...’

‘ಅಳಿಯಂದ್ರೆ, ನಾನು ಮೈಕ್ ಕಟ್ಟಾಕೆ ಸುರು ಮಾಡ್ದಾಗ ನೀವು ಇನ್ನೂ ಚಡ್ಡಿ ಕಟ್ಕಳಾಕೆ ಕಲ್ತಿರ್ಲಿಲ್ಲ. ಸುಮ್ಕಿರಿ.’

ಸಂಜಯ್ ಒಳ್ಳೆಯ ಮನೆತನದ ಹುಡುಗ. ವಯರು ಎತ್ತಿ ಕೊಟ್ಟ.

ಊಟವಾಯಿತು. ಗಂಡಸರು ನಡುಮನೆಯಲ್ಲಿ, ಹೆಂಗಸರು ಅಡಕೆಲೆ ಹಿಡಿದು ಒಳಗೆ ಕೂತರು. ಡಿಸ್ಕು ತಿರುಗಿತು. ‘ಬಂಧುಗಳೇ!’ ಎಂದು ಹನ್ನೆರಡು ವರ್ಷ ಚಿಕ್ಕವನಾದ ಚನ್ನಬಸವಯ್ಯ ಮೂರು ಡಬ್ಬದಿಂದ ಗುಡುಗಿದ. ಗುಡುಗಿನ ಡಬ್ಬ ಮಂಚವನ್ನು ಅಲುಗಿಸಿತು. ಮಂಚದ ಮೇಲಿನ ಚನ್ನಬಸವಯ್ಯ ರೋಮಾಂಚನಗೊಂಡ.

ಬೀಜದ ವಿಷಯ ಮುಗಿಯುವಷ್ಟರಲ್ಲಿ ಒಬ್ಬ ನೆಂಟ ನೀರು ಕುಡಿದು ಬರುತ್ತೇನೆಂದು ಒಳಗೆ ಹೋದ. ಬರಲಿಲ್ಲ. ಗೊಬ್ಬರದ ಹೊತ್ತಿಗೆ ಇಬ್ಬರು ಸುಣ್ಣ ಕೇಳಲು ಹೋದರು. ಅವರೂ ಬರಲಿಲ್ಲ. ವಿಶ್ವ ವ್ಯಾಪಾರಕ್ಕೆ ಬಂದಾಗ ಚನ್ನಬಸವಯ್ಯನ ಜೊತೆ ನಡುಮನೆಯಲ್ಲಿ ಉಳಿದವನು ಸಂಜಯ್ ಒಬ್ಬನೇ. ಅವನು ಗಂಡಿನ ಹಾರ ಹಾಕಿಕೊಂಡು ಪರದೆಯ ಮೇಲೂ ಕೂತಿದ್ದರಿಂದ ಏಳಲು ನಾಚಿಕೊಂಡಿದ್ದ.

‘ಎಲ್ ಓದ್ರೀ ಎಲ್ಲಾ?’ ಎಂದು ಚನ್ನಬಸವಯ್ಯ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದ. ಒಳಗೆ ಜನ ಕಿಕ್ಕಿರಿದಿದ್ದರು. ಗೂಡಿನ ಡಬ್ಬದಿಂದ, ಅವನ ಭಾಷಣವನ್ನು ದೂರದ ಗೊಣಗಾಟವಾಗಿಸಿ, ಗುರುಸಿದ್ದಮ್ಮ ಹಾಡುತ್ತಿದ್ದಳು:

ಸಣ್ಣಕ್ಕಿ ಆರಿಸಿದಂಗೆ ಸಾಕಿದ್ದೆ ಮೊಮ್ಮಗಳ
ಕಲ್ಲೊಂದು ಸಿಗದಂಗೆ ನೋಡಿಕೊಳ್ಳಿ ಬೀಗರೆ
ಸೋಬಾನೆ ಹೇಳೀರೆ ಸೋಬಾನೆ

ಗಂಗಾಂಬಿಕೆ ಗೂಡಿನ ಕೆಳಗೆ ಕೂತಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. ಪಕ್ಕದಲ್ಲಿ ಅವಳ ಚಿಕ್ಕವ್ವ ಚಿಕ್ಕಲಕ್ಷ್ಮಮ್ಮ ಅಕ್ಕನ ದನಿಗೆ ದನಿ ಸೇರಿಸುತ್ತಿದ್ದಳು. ಚನ್ನಬಸವಯ್ಯನನ್ನು ಕಂಡು ಗಂಗಾಂಬಿಕೆ ಕೈ ಮುಗಿದಳು. ‘ಏನೋ ಅಂದ್ಕಂಡಿದ್ದೆ ಕಣ್ರೀ. ಬೇಕು ಅಂತ್ಲೇ ಈ ಡಬ್ಬ ಇಲ್ಲಿಗೆ ಕಟ್ಟಿದ್ರಾ? ನನ್ ಸಲುವಾಗಿ?’

ನಲವತ್ತು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ಕೈ ಮುಗಿದದ್ದು ಅದೇ ಮೊದಲು. ನಿಜ ಹೇಳುವುದು ಪರಮ ಮೂರ್ಖತನ. ‘ಊಂ ಮತ್ತೆ,’ ಎಂದು ಚನ್ನಬಸವಯ್ಯ ಮೀಸೆ ಮೇಲೆ ಕೈಯಾಡಿಸಿ ಅಲ್ಲೇ ಕೂತ. ಆ ಒಂದು ಗಳಿಗೆ ಅವನಿಗೆ ಜಗತ್ತೇ ಒಳ್ಳೆಯದಾಗಿ ಕಂಡಿತು.

ಪದ ನಿಂತಿತು. ಡಬ್ಬದಲ್ಲಿ ಗುರುಸಿದ್ದಮ್ಮ ಕೆಮ್ಮಿದಳು, ಎಲೆ ಉಗಿದಳು. ಆಮೇಲೆ ಸ್ಪಷ್ಟವಾಗಿ ಹೇಳಿದಳು:

‘ಲೇ ಗಂಗೀ, ಆ ಮೈಕಿನ ವಯರು ಎಲ್ಲೈತೆ ನೋಡು. ಕೀಳು ಅತ್ಲಾಗೆ.’

‘ಸುಮ್ಕಿರವ್ವಾ, ಇನ್ನೇನು ಮುಗೀತದೆ,’ ಎಂದಿತು ಹನ್ನೆರಡು ವರ್ಷದ ಹಿಂದಿನ ಗಂಗಾಂಬಿಕೆಯ ದನಿ.

‘ಮುಗ್ಯೋ ಮುಂಚೇನೇ ಕೀಳ್ಬೇಕು ಕಣೆ. ಕೊನೇಲಿ ನನ್ನೆಸ್ರು ಯೇಳ್ತಾನೆ. ಕೊಟ್ಟಿಗೇಲಿ ಎಮ್ಮೆ ಮುಂದೆ ನಿಂತ್ಕಂಡು ಬಾಯಿಪಾಠ ಮಾಡ್ತಿದ್ದ. ನಾ ಹುಲ್ಲು ಆಕಾಕೆ ಓದೋಳು ಎಲ್ಲಾ ಕೇಳ್ಸ್ಕಂಡಿವ್ನಿ. ನನ್ನ ಭೂಮ್ತಾಯಿ ಅಂತೆ, ಅನ್ನಪೂರ್ಣೆ ಅಂತೆ! ನಾ ಕೇಳಿದ್ದಾಯ್ತು, ನಂಗೆ ಅಷ್ಟು ಸಾಕು. ಬೀಗ್ರ ಮುಂದೆಲ್ಲ ಅಂದ್ರೆ ಎಲ್ಲಿ ಮಕ ಮಡೀಕಳ್ಲಿ? ಕೀಳೇ. ಅನ್ನಾನೂ ಆರೋಯ್ತಾ ಐತೆ.’

ಬಳೆ ಸದ್ದು. ಟಕ್ ಎಂದಿತು. ಅದೇ ಹೊತ್ತಿಗೆ ನಡುಮನೆಯ ಮೂರು ಡಬ್ಬಗಳೂ ಒಂದು ಮಾತಿನ ನಡುವೆಯೇ ಬಾಯಿ ಮುಚ್ಚಿದವು. ಗೂಡಿನ ಡಬ್ಬದಲ್ಲಿ ಮಾತ್ರ ಗಂಗಾಂಬಿಕೆ ಊರಿಗೆಲ್ಲ ಕೇಳುವಂತೆ ಕೂಗಿದಳು: ‘ಕರೆಂಟ್ ಓಯ್ತು! ಏಳಿ, ಊಟಕ್ ಏಳಿ!’

ಚಿಕ್ಕಲಕ್ಷ್ಮಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

‘ಅಂಗಾದ್ರೆ ಅವತ್ತು ಕರೆಂಟು...’ ಎಂದ ಚನ್ನಬಸವಯ್ಯ.

‘ಇತ್ತು,’ ಎಂದಳು ಗಂಗಾಂಬಿಕೆ ನೆಲ ನೋಡುತ್ತ.

‘ಧರಣಿಗೆ ಓದಾಗ ಬುತ್ತಿ ಕಟ್ಟಿಕೊಟ್ಟಿದ್ದು ನೀನೇ ಅಲ್ವೇನೇ?’

‘ಅಸ್ಕಂಡು ಓಗ್ಲಿ ಅಂತ ಬುಡಾಕಾಯ್ತದಾ? ಅವ್ವ ಅದ್ಕೂ ಬೈದ್ಲು. ಆ ಲೈನ್‌ಮ್ಯಾನ್‌ಗೂ ಎರಡು ರೊಟ್ಟಿ ಕಟ್ಟು, ಪಾಪ ಅಂದ್ಲು.’

ರೊಟ್ಟಿ ಹೆಚ್ಚಿದ್ದದ್ದೂ, ಧರಣಿಯ ನೆರಳಲ್ಲಿ ತಾನೇ ಆ ಲೈನ್‌ಮ್ಯಾನ್‌ಗೆ ಎರಡು ಕೊಟ್ಟು ಮತ್ತೆ ಧಿಕ್ಕಾರ ಕೂಗಿದ್ದೂ ಚನ್ನಬಸವಯ್ಯನಿಗೆ ನೆನಪಾಯಿತು. ಕೋಪ ಬರಬೇಕಿತ್ತು. ಅವನೂ ಕಾದು ನೋಡಿದ. ಬರಲಿಲ್ಲ. ಮುದುಕಿ ಕೇಳಿಸಿಕೊಂಡಿದ್ದಳು. ಹನ್ನೆರಡು ವರ್ಷ ಅವನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದ ವಂದನೆ, ಕರೆಂಟೂ ಮೈಕೂ ಇಲ್ಲದೆ, ಎಮ್ಮೆಯ ಕೊಟ್ಟಿಗೆಯಲ್ಲೇ ಸಲ್ಲಬೇಕಾದವರಿಗೆ ಸಂದಿತ್ತು. ಅದಾದ ಮೇಲೂ ಅಷ್ಟು ವರ್ಷ ಅವನನ್ನು ಕಂಡಾಗಲೆಲ್ಲ ‘ಕೈ ತೊಳ್ಕ’ ಎನ್ನುತ್ತಲೇ ಇದ್ದಳಲ್ಲ!

ಅವನು ಎದ್ದು, ಗೋಡೆಯ ಮೇಲಿದ್ದ ಗುರುಸಿದ್ದಮ್ಮನ ಫೋಟೋ ಮುಂದೆ ನಿಂತ. ಶಾಲು ಸರಿಪಡಿಸಿಕೊಂಡ. ಗಂಟಲು ಸರಿಮಾಡಿಕೊಂಡು, ಬಲಗೈ ಮೇಲೆತ್ತಿದ.

‘ಬಂಧುಗಳೇ...’

ಗಂಗಾಂಬಿಕೆ ಅಭ್ಯಾಸಬಲದಿಂದ ಗೂಡಿನ ಡಬ್ಬದ ವಯರಿನ ಕಡೆಗೆ ಕೈ ಚಾಚಿದಳು.

ಚನ್ನಬಸವಯ್ಯ ಅದನ್ನು ನೋಡಿದ. ಎತ್ತಿದ ಕೈ ಇಳಿಸಿದ. ‘ಒಟ್ಟೆ ತುಂಬ್ತು ಕಣತ್ತೆ,’ ಎಂದಷ್ಟೇ ಹೇಳಿ, ಹಿತ್ತಿಲಿಗೆ ಕೈ ತೊಳೆಯಲು ಹೋದ.