ವೆಂಡೆಲ್ ಮೇಷ್ಟ್ರ ಘನವಾದ ತೊಟ್ಟಿ

ಸೂರು ಸೋರಿದ್ದರಲ್ಲಿ ವೆಂಡೆಲ್ ಹೌಗೆನ್ ಮೇಷ್ಟ್ರ ತಪ್ಪೇನೂ ಇರಲಿಲ್ಲ. ಮಿನ್ನೆಸೋಟಾದ ಹಿಮ ಯಾರ ಮನೆಯ ಸೂರನ್ನು ತಾನೇ ಬಿಟ್ಟಿದೆ? ಆದರೆ ನೀರು ತೊಟ್ಟಿಕ್ಕಿದ್ದು ಪಾದ್ರಿಗಳು ಊಟಕ್ಕೆ ಬಂದ ದಿನ, ಅದೂ ನೆಟ್ಟಗೆ ಅವರ ಬೋಳುತಲೆಯ ಮೇಲೆ. (ಪಾದ್ರಿಗಳು ಎರಡನೇ ಸಲ ದೀಕ್ಷಾಸ್ನಾನವಾಯಿತೆಂದು ನಕ್ಕರು. ಮೇಷ್ಟ್ರ ಹೆಂಡತಿ ಮಾರ್ಲಿಸ್ ನಗಲಿಲ್ಲ.) ಮರುದಿನವೇ ಸೂರಿನ ಕೆಲಸದ ಲೈಲ್ ಬಂದು, ಹಳೆಯ ಡಾಂಬರು ಹಂಚನ್ನೆಲ್ಲ ಕಿತ್ತು ಹೊಸದು ಹೊದಿಸಬೇಕೆಂದ. ಕಿತ್ತ ಕಸ ತುಂಬಲು ಬಾಡಿಗೆ ತೊಟ್ಟಿಯನ್ನೂ ತಾನೇ ತರಿಸುವುದಾಗಿ ಹೇಳಿದ.

ಮೇಷ್ಟ್ರು ಅದಕ್ಕೆ ಹೂಂ ಅಂದಿದ್ದರೆ ನನಗೆ ಇಲ್ಲಿ ಹೇಳುವುದಕ್ಕೇನೂ ಇರುತ್ತಿರಲಿಲ್ಲ. ಆದರೆ ಅವರು ಜೀವಮಾನವಿಡೀ ಹೈಸ್ಕೂಲಿನಲ್ಲಿ ರೇಖಾಗಣಿತ ಕಲಿಸಿ ನಿವೃತ್ತರಾದವರು. ಕಲಿತ ವಿದ್ಯೆಯನ್ನು ಮನೆಯಲ್ಲಿ ಯಾರೂ ಕೇಳುತ್ತಿಲ್ಲವೆಂಬ ಕೊರಗು ಇದ್ದೇ ಇತ್ತು. ತೊಟ್ಟಿಯ ಚಿಂತೆ ತಮಗಿರಲಿ ಎಂದು ಲೈಲ್‌ನನ್ನು ಕಳಿಸಿ, ಬಾಡಿಗೆ ಕಂಪನಿಗೆ ಫೋನ್ ಹಚ್ಚಿದರು.

"ನಿಮ್ಮ ಸೂರು ಎಷ್ಟು ಚೌಕ ಬರುತ್ತೆ ಸಾರ್?" ಎಂದು ಕೇಳಿದಳು ಕಂಪನಿಯ ಹೆಂಗಸು. ಸೂರಿನವರು ಅಳತೆ ಹೇಳುವುದೇ ನೂರು ಚದರಡಿಯ ಚೌಕಗಳಲ್ಲಿ.

"ಚೌಕ ಎಲ್ಲಿಂದ ಬಂತಮ್ಮ? ನಮ್ಮದು ಎರಡು ಆಯತ, ಮುಂದೆ ಒಂದು ತ್ರಿಭುಜ" ಎಂದರು ಮೇಷ್ಟ್ರು.

ಆಕೆ ತ್ರಿಭುಜವನ್ನೂ ಬರೆದುಕೊಂಡಳು. ಆಮೇಲೆ, ಹಂಚಿನ ಕಸಕ್ಕಾದರೆ ಗಿಡ್ಡ ಗೋಡೆಯ ಚಿಕ್ಕ ತೊಟ್ಟಿ ಕಳಿಸುತ್ತೇವೆ ಎಂದಳು. ಮೇಷ್ಟ್ರು ಅಷ್ಟರಲ್ಲಿ ಸೂರಿನ ಘನಫಲ ತೆಗೆದು, ಅದಕ್ಕೆ ಗಾಳಿಯ ಸಂದು, ಮೂಲೆಯ ಸಂದು ಎಲ್ಲ ಕೂಡಿಸಿ, ತಮ್ಮ ಬುದ್ಧಿವಂತಿಕೆಗೂ ಸ್ವಲ್ಪ ಜಾಗ ಬಿಟ್ಟಿದ್ದರು. ಇದ್ದುದರಲ್ಲಿ ಅತಿ ದೊಡ್ಡದನ್ನೇ ಕಳಿಸುವಂತೆ ಹಟ ಹಿಡಿದರು.

"ಹಂಚು ಭಾರ ಇರಲ್ವಾ ವೆಂಡೆಲ್?" ಎಂದರು ಪಾತ್ರೆ ಒರೆಸುತ್ತಿದ್ದ ಮಾರ್ಲಿಸ್.

"ಇದು ಘನದ ಲೆಕ್ಕ ಕಣೇ. ಭಾರ ಬೇರೆ ಅಧ್ಯಾಯ."

ತೊಟ್ಟಿ ಬಂತು. ಬಂತು ಎನ್ನುವುದಕ್ಕಿಂತ ಅವತರಿಸಿತು ಎನ್ನಬೇಕು. ಮನೆಯ ಮುಂದಿನ ಕಾರಿನ ದಾರಿಯುದ್ದಕ್ಕೂ ಮಲಗಿ, ಅಡುಗೆಮನೆಯ ಕಿಟಕಿಗೆ ಬರುವ ಬಿಸಿಲನ್ನೆಲ್ಲ ನುಂಗಿತು. ಅದು ಕೂತ ಮೇಲೆ ತಿಳಿಯಿತು, ಕಾರು ಒಳಗೆ ಗ್ಯಾರೇಜಿನಲ್ಲೇ ಉಳಿದಿದೆ ಎಂದು. ಮಾರ್ಲಿಸ್ ಚರ್ಚಿನ ಹಾಡಿನ ಅಭ್ಯಾಸಕ್ಕೆ ಪಕ್ಕದ ಮನೆಯವರ ಪಿಕಪ್ ಗಾಡಿಯಲ್ಲಿ, ಅವರ ಎರಡು ನಾಯಿಗಳ ನಡುವೆ ಕೂತು ಹೋದರು. ಮೇಷ್ಟ್ರು ಕೈ ಬೀಸಿದರೆ ನಾಯಿಗಳು ಮಾತ್ರ ತಿರುಗಿ ನೋಡಿದವು.

ಲೈಲ್‌ನ ಆಳುಗಳು ಸೂರು ಕಿತ್ತರು. ಒಂದರ ಮೇಲೊಂದು ಹೊದಿಸಿದ ಹಳೇ ಹಂಚಿನ ಪದರಗಳೆಲ್ಲ ಧಡಧಡ ಕೆಳಗೆ ಬಿದ್ದವು. ಅಷ್ಟಾದರೂ ತೊಟ್ಟಿಯ ಅರ್ಧಕ್ಕೂ ಬರಲಿಲ್ಲ. ಇಣುಕಿ ನೋಡಿದ ಮೇಷ್ಟ್ರ ಮುಖ ಸಣ್ಣಗಾಯಿತು. ಅರ್ಧ ಖಾಲಿ ತೊಟ್ಟಿ ವಾಪಸು ಹೋದರೆ ರೇಖಾಗಣಿತದ ಮಾನ ಏನಾಗಬೇಕು? ಬೀದಿಯ ಮನೆಮನೆಗೂ ಹೋಗಿ, ಬೇಡದ್ದು ಏನಿದ್ದರೂ ತಂದು ಹಾಕಿ ಎಂದು ಆಹ್ವಾನ ಕೊಟ್ಟು ಬಂದರು. ಮದುವೆಗೂ ಇಷ್ಟು ಜನ ಬರುವುದಿಲ್ಲ. ಸೋಫಾ ಬಂತು, ಬಟ್ಟೆ ಒಗೆಯುವ ಯಂತ್ರ ಬಂತು, ಯಾರದೋ ಸ್ನಾನದ ತೊಟ್ಟಿಯೂ ಬಂದು ಈ ತೊಟ್ಟಿಯೊಳಗೆ ಸೇರಿತು. ಕಂಠಪೂರ್ತಿ ತುಂಬಿದ್ದನ್ನು ನೋಡಿ ಮೇಷ್ಟ್ರು ಹೆಂಡತಿಯ ಕಡೆ ತಿರುಗಿ, ಲೆಕ್ಕ ಎಷ್ಟು ಸರಿಯಾಗಿತ್ತು ನೋಡು ಎಂದರು.

ಒಯ್ಯಲು ಲಾರಿ ಬಂತು. ಚಾಲಕ ಕೊಕ್ಕೆ ಸಿಕ್ಕಿಸಿ ಎಳೆದ. ತೊಟ್ಟಿ ಮಿಸುಕಲಿಲ್ಲ. ಬದಲಿಗೆ ಲಾರಿಯ ಮುಂದಿನ ಚಕ್ರಗಳೇ ನೆಲ ಬಿಟ್ಟು, ಚಾಲಕನ ಸಮೇತ ಮೆಲ್ಲಗೆ ಆಕಾಶಕ್ಕೆ ಏರಿದವು. ಬೀದಿಯವರೆಲ್ಲ ಹೊರಗೆ ಬಂದು ನೋಡಿದರು. ಕೆಳಗಿಳಿದ ಚಾಲಕ ಟೋಪಿ ಸರಿಮಾಡಿಕೊಂಡು, ಅರ್ಧಕ್ಕರ್ಧ ತೆಗೆದರೆ ಒಯ್ಯುತ್ತೇನೆ, ಇಲ್ಲದಿದ್ದರೆ ಇದು ನಿಮ್ಮ ಮನೆಯ ಹೊಸ ಕೋಣೆ ಅಂದುಕೊಳ್ಳಿ ಎಂದು ಹೇಳಿ ಹೊರಟುಹೋದ. ಮಾರ್ಲಿಸ್ ಒಳಗೆ ಹೋಗಿ ತಾವೇ ಫೋನ್ ಮಾಡಿ ಚಿಕ್ಕ ತೊಟ್ಟಿ ತರಿಸಿದರು. ಭಾರ ಹೊರಲು ಈಗ ಒಂದಲ್ಲ, ಎರಡು ತೊಟ್ಟಿ.

ಮೇಷ್ಟ್ರು ಸಲಿಕೆ ಹಿಡಿದು ದೊಡ್ಡದಕ್ಕೆ ಇಳಿದರು. ಸೋಫಾದ ಕೆಳಗೆ, ಹಂಚಿನ ರಾಶಿಯಲ್ಲಿ, ಏನೋ ನರಳಿದ ಸದ್ದಾಯಿತು. ಎಳೆದು ನೋಡಿದರೆ ಅವರದೇ ಅಕಾರ್ಡಿಯನ್, ವರ್ಷಗಳಿಂದ ತಿದಿ ಹಿಗ್ಗಿಸಿ ಕುಗ್ಗಿಸಿ ಅವರು ಪೋಲ್ಕಾ ಕುಣಿತದ ಹಾಡು ಬಾರಿಸುತ್ತಿದ್ದ ವಾದ್ಯ.

"ಮಾರ್ಲಿಸ್, ಇದು ಇಲ್ಲಿಗೆ ಹೇಗೆ ಬಂತು?"

ಕಿಟಕಿಯಿಂದ ಉತ್ತರ ಬಂತು: "ನಾನೇ ಹಾಕಿದೆ. ಬೇಡದ್ದು ಏನಿದ್ರೂ ತಂದು ಹಾಕಿ ಅಂತ ಬೀದಿಗೆಲ್ಲ ಹೇಳ್ದೆಯಲ್ಲ. ನಾನೂ ಈ ಬೀದಿಯವಳೇ ತಾನೆ?"

ಮೇಷ್ಟ್ರಿಗೆ ನಿಜಕ್ಕೂ ನೋವಾಯಿತು. ಬೆನ್ನು ಮೊದಲೇ ನೋಯುತ್ತಿತ್ತು. ಸಲಿಕೆ ಎಸೆದು, ಸೋಫಾದ ಮೇಲೆ ಕೂತು, ಧೂಳು ಊದಿ, ಸೇಡು ತೀರಿಸಿಕೊಳ್ಳುವಂತೆ ಬಾರಿಸತೊಡಗಿದರು. ಕಬ್ಬಿಣದ ಗೋಡೆಗಳ ನಡುವೆ ಪೋಲ್ಕಾ ನೂರ್ಮಡಿಯಾಗಿ ಮೊಳಗಿ ಬೀದಿಯ ಕೊನೆ ಮುಟ್ಟಿತು. ಪಕ್ಕದ ಮನೆಯ ನಾಯಿಗಳು ಊಳಿಟ್ಟವು.

ಎರಡನೇ ಹಾಡಿನ ಹೊತ್ತಿಗೆ ತೊಟ್ಟಿಯ ಅಂಚಿನ ಮೇಲೆ ಒಂದೊಂದೇ ತಲೆ ಕಾಣಿಸಿತು. ಮೇಷ್ಟ್ರು ಕಣ್ಣಂಚು ಒರೆಸಿಕೊಂಡು, ಕೊನೆಗೂ ರಸಿಕರು ಬಂದರಲ್ಲ ಎಂದುಕೊಂಡರು. ಎಲ್ಲರ ಕೈಯಲ್ಲೂ ಸಲಿಕೆಯಿತ್ತು.

"ಮೇಷ್ಟ್ರೇ, ಅರ್ಧ ಏನು, ಪೂರ್ತಿ ಬೇಕಾದ್ರೂ ನಾವೇ ಖಾಲಿ ಮಾಡ್ತೀವಿ. ಆ ಅಕಾರ್ಡಿಯನ್ ಮಾತ್ರ ಒಳಗೇ ಇರ್ಲಿ" ಎಂದ ಪಕ್ಕದ ಮನೆಯ ಓರ್ವಿಲ್.

ಮೇಷ್ಟ್ರು ಬೆನ್ನು ಮುಟ್ಟಿ ನೋಡಿಕೊಂಡರು, ವಾದ್ಯವನ್ನು ನೋಡಿದರು, ಮತ್ತೆ ಬೆನ್ನನ್ನು ಮುಟ್ಟಿಕೊಂಡರು. ಬೆನ್ನು ಗೆದ್ದಿತು.

ಬಿಸಿಲು ಇಳಿಯುವುದರೊಳಗೆ ಕಸ ಎರಡೂ ತೊಟ್ಟಿಗಳಿಗೆ ಹಂಚಿಹೋಯಿತು. ಲಾರಿ ಈ ಸಲ ಚಕ್ರಗಳನ್ನು ನೆಲದ ಮೇಲೇ ಇಟ್ಟುಕೊಂಡು ದೊಡ್ಡ ತೊಟ್ಟಿಯನ್ನು ಹೊತ್ತು ಹೊರಟಿತು. ಗಂಡಹೆಂಡಿರು ಬಾಗಿಲಲ್ಲಿ ನಿಂತಿದ್ದರು. ತಿರುವಿನ ಗುಂಡಿಯಲ್ಲಿ ಲಾರಿ ಕುಲುಕಿದಾಗ, ಒಳಗಿನಿಂದ ಅಕಾರ್ಡಿಯನ್ನಿನ ಉದ್ದನೆಯ ಸ್ವರವೊಂದು ತೇಲಿ ಬಂತು.

ಮಾರ್ಲಿಸ್ ಗಂಡನ ತೋಳು ಹಿಡಿದುಕೊಂಡು ಕಿವಿಗೊಟ್ಟು ಕೇಳಿದರು.

"ನೋಡಿದ್ಯಾ ವೆಂಡೆಲ್," ಎಂದರು, "ಇಷ್ಟು ವರ್ಷದಲ್ಲಿ ಇವತ್ತೇ ಅದಕ್ಕೆ ಶ್ರುತಿ ಸಿಕ್ಕಿದ್ದು."