ಅರಿಷಿಣದ ಟಗರು ಮತ್ತು ನನ್ನ ಡಿಪ್ಲೊಮಾ

ಹನ್ನೊಂದನೇ ತರಗತಿಗೆ ನಾನು ಅಂತರರಾಷ್ಟ್ರೀಯ ಡಿಪ್ಲೊಮಾ ಕೋರ್ಸು ಸೇರಿದೆ. ಸೊಲ್ಲಾಪುರದ ವಿಜಾಪುರ ರಸ್ತೆಯ ನಮ್ಮ ಶಾಲೆಯಲ್ಲಿ ಅದರ ಲಾಭಗಳನ್ನು ಮೊದಲ ದಿನವೇ ಹೇಳಿದರು. ಬಾಯಿಪಾಠ ಇಲ್ಲ, ಸ್ವಂತ ಪ್ರಶ್ನೆ, ಸ್ವಂತ ಸಂಶೋಧನೆ. ಮುಂದೆ ಯಾವ ದೇಶದ ಕಾಲೇಜಿಗೂ ಅಂಜಬೇಕಿಲ್ಲ. ಇದನ್ನು ದಿನಚರಿಯಲ್ಲಿ ಬರೆದು ಕೆಳಗೆ ಗೆರೆ ಎಳೆದೆ. ಅಂಜಿಕೆಯ ಕಾಲ ಮುಗಿದಿತ್ತು.

ದೊಡ್ಡದೊಂದು ಸಂಶೋಧನಾ ಪ್ರಬಂಧ ಬರೆಯದೆ ಡಿಪ್ಲೊಮಾ ಸಿಗುವುದಿಲ್ಲ. ನನ್ನ ಪ್ರಶ್ನೆ ಸಿದ್ಧವಾಗಿತ್ತು: ಕುರಿಹಿಂಡಿಗೆ ಮುಂದಾಳು ಯಾರು? ಅಮ್ಮನ ತವರು ತಡವಳದಲ್ಲಿ ಮಾಮಾನ ಹಿಂಡಿದೆ. ಶನಿವಾರ ಬಸ್ಸು ಹತ್ತಿದೆ.

ದೂರದಿಂದ ಗುರುತು ಸಿಗಲೆಂದು ದೊಡ್ಡ ಟಗರಿಗೆ ಬಣ್ಣ ಹಚ್ಚಬೇಕಿತ್ತು. ಆದರೆ ಪ್ರಯೋಗದಿಂದ ಪ್ರಾಣಿಗೆ ಎಳ್ಳಷ್ಟೂ ತೊಂದರೆಯಾಗಕೂಡದೆಂದು ನಮ್ಮ ಕೋರ್ಸಿನ ಕಟ್ಟುನಿಟ್ಟಿನ ನಿಯಮ. ಬಹಳ ಯೋಚಿಸಿ ಅಜ್ಜಿಯ, ಅಂದರೆ ನಮ್ಮ ಆಯಿಯ, ಅಡುಗೆಮನೆಯಿಂದ ಅರಿಷಿಣದ ಡಬ್ಬಿ ತಂದೆ. ಮಾಮಾ ಹೊಲಕ್ಕೆ ಹೋಗಿದ್ದ. ಟಗರಿನ ಹಣೆಯಿಂದ ಬೆನ್ನಿನವರೆಗೆ ಧಾರಾಳವಾಗಿ ಹಚ್ಚಿದೆ. ಅದು ನನ್ನ ಕೈ ನೆಕ್ಕಿತು. ವಿಜ್ಞಾನಕ್ಕೆ ಅದರ ಪೂರ್ಣ ಸಹಕಾರವಿತ್ತು.

ಮರುದಿನ ಬೆಳಿಗ್ಗೆ ವಾಗದರಿಯಿಂದ ವ್ಯಾಪಾರಿ ಬಂದ. ಆ ಟಗರು ಮಾರಿ ಮಾಮಾ ಮೋಟರ್‌ಸೈಕಲ್ ಕೊಳ್ಳುವವನಿದ್ದ. ಊರಿಗೆಲ್ಲ ಹೇಳಿಯೂ ಇಟ್ಟಿದ್ದ. ವ್ಯಾಪಾರಿ ಟಗರನ್ನು ನೋಡಿದವನೇ ಚಪ್ಪಲಿ ಬಿಟ್ಟು ಕೈ ಮುಗಿದ.

"ಬೀರೋಬಾನ ಭಂಡಾರ ಹಚ್ಚೀರಿ. ದೇವರಿಗೆ ಬಿಟ್ಟ ಟಗರು ನಾ ಹ್ಯಾಂಗ ಒಯ್ಯಲಿ?"

ಕುರುಬರ ದೇವರು ಬೀರೋಬಾನಿಗೆ ಅರಿಷಿಣವೇ ಭಂಡಾರ; ಅದನ್ನು ಹಚ್ಚಿದರೆ ಟಗರು ದೇವರದು. ನಮ್ಮ ಪಠ್ಯದಲ್ಲಿ ಇದು ಇರಲಿಲ್ಲ.

"ಯಾರ್ ಹಚ್ಚ್ಯಾರ ಇದನ್ನ?" ಎಂದ ಮಾಮಾ.

ನಾನು ಕೋರ್ಸಿನ ನಿಯಮ ವಿವರಿಸತೊಡಗಿದೆ. ವಿವರಣೆ ಮುಗಿಯುವುದರೊಳಗೆ ವ್ಯಾಪಾರಿ ವಾಗದರಿ ಮುಟ್ಟಿರಬೇಕು.

"ತೊಳದ್ ಬಿಡೂಣೇನ ಮಾಮಾ?"

"ದೇವರ ಗುರುತು ತೊಳೀತಿ? ನಿಮ್ಮ ಸಾಲ್ಯಾಗ ಇದನ್ನ ಕಲಸ್ತಾರೇನ?" ಎಂದು ಆಯಿ ಗದರಿಸಿ, ನಮ್ಮಿಬ್ಬರನ್ನೂ ಟಗರಿನ ಸಮೇತ ಪೂಜಾರಿಯ ಬಳಿಗೆ ಹೊರಡಿಸಿದಳು.

ಪೂಜಾರಿ ಅಜ್ಜ ಶಾಂತವಾಗಿ ಕೇಳಿದ, "ಹಚ್ಚೂ ಮುಂದ ನಿನ್ನ ಮನಸಿನ್ಯಾಗ ಏನ್ ಇತ್ತವ್ವ ತಂಗಿ?"

"ಡಿಪ್ಲೊಮಾ ಪಾಸಾಗಬೇಕಂತ ಇತ್ರಿ."

"ಹಂಗಾದ್ರ ಅದು ಹರಕಿ. ನೀ ಪಾಸಾದ್ರ ಟಗರು ಬೀರೋಬಾಂದು. ನಪಾಸಾದ್ರ ನಿಮ್ಮ ಮಾಮಾಂದು. ಮುಗೀತು."

ಮಾಮಾ ನನ್ನತ್ತ ತಿರುಗಿದ. ಅಷ್ಟು ಆಸೆಯಿಂದ ಅವನು ನನ್ನನ್ನು ಎಂದೂ ನೋಡಿರಲಿಲ್ಲ.

ಅಂದಿನಿಂದ ಸಂಜೆಯಾದರೆ ಅವನ ಫೋನು.

"ಏ ಪೋರಿ, ಭಾಳ ಓದಬ್ಯಾಡ, ಕಣ್ಣು ಹೊಕ್ಕಾವ. ಜ್ವಾಳದ ಹಸಿ ತೆನಿ ಸುಟ್ಟು ಸೀತನಿ ಮಾಡೀವಿ, ತಿನ್ನಾಕ ಬಾ."

"ಮಾಮಾ, ನಾಳೆ ಪರೀಕ್ಷಾ ಐತಿ."

"ಅದಕ್ಕ ಬಾ ಅಂದೆ."

ಪ್ರಬಂಧ ಮಾತ್ರ ಚೆನ್ನಾಗಿ ಬೆಳೆಯಿತು. ಊರವರೆಲ್ಲ ಕೈ ಮುಗಿದು ರೊಟ್ಟಿ ತಿನ್ನಿಸುವ ಟಗರನ್ನು ಬಿಟ್ಟು ಹಿಂಡು ಯಾರ ಹಿಂದೆ ಹೋದೀತು? ನಮ್ಮ ಶಿಕ್ಷಕಿ ಮೆಚ್ಚಿದರು. ಈ ಕೋರ್ಸಿನ ನಿಜವಾದ ಲಾಭವನ್ನೂ ನಾನು ದಿನಚರಿಗೆ ಸೇರಿಸಿದೆ: ವಿದ್ಯಾರ್ಥಿಯ ಫಲಿತಾಂಶದಲ್ಲಿ ಇಡೀ ಬಳಗಕ್ಕೆ ಆಸಕ್ತಿ ಹುಟ್ಟುತ್ತದೆ.

ಕೊನೆಯ ಪರೀಕ್ಷೆಗೆ ಇನ್ನೂ ವರ್ಷವಿದೆ. ಹೋದ ವಾರ ಮೊದಲ ಅವಧಿಯ ಅಂಕಗಳು ಬಂದವು. ಅಮ್ಮ ಅವನ್ನು ದುಃಖದಿಂದ ಮಾಮಾನಿಗೆ ಫೋನಿನಲ್ಲಿ ತಿಳಿಸಿದಳು.

ಮರುದಿನವೇ ಮಾಮಾ ಅಕ್ಕಲಕೋಟಕ್ಕೆ ಹೋಗಿ ಮೋಟರ್‌ಸೈಕಲ್ ನೋಡಿ ಬಂದನಂತೆ. ಬಣ್ಣ ಯಾವುದಾದರೂ ನಡೆಯುತ್ತದೆ, ಹಳದಿಯೊಂದು ಬ್ಯಾಡ ಎಂದನಂತೆ.