ಶಾಲೆಯ ಚಾವಣಿಗಾಗಿ ಸೈಕಲ್ ತುಳಿದದ್ದು

ನಮ್ಮ ಡ್ರಿಲ್ ಮೇಷ್ಟ್ರಿಗೆ ಒಂದು ಒಳ್ಳೆಯ ಯೋಚನೆ ಬಂತೆಂದರೆ ಉಳಿದ ಮೇಷ್ಟ್ರುಗಳಿಗೆ ಮೈಕೈ ನೋವು ಶುರುವಾಗುತ್ತಿತ್ತು. ವರ್ಷಕ್ಕೆ ಒಂದಾದರೂ ಇಂಥದ್ದು ನಡೆಯದೆ ಇರುತ್ತಿರಲಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಬಿಳಿಚೋಡು ಕಡೆಯ ಒಂದು ಹಳ್ಳಿ ಶಾಲೆಯ ಚಾವಣಿ ಗಾಳಿಗೆ ಹಾರಿಹೋಯಿತು. ಮಕ್ಕಳು ಮರದ ಕೆಳಗೆ ಕೂತು ಮಗ್ಗಿ ಹೇಳುತ್ತಿದ್ದರು. ತಗಡು ಯಾರೋ ಕೊಟ್ಟಿದ್ದರು, ಅದನ್ನು ಹೊರುವ ತೊಲೆಗಳಿರಲಿಲ್ಲ. ಮಳೆಗಾಲದೊಳಗೆ ತೊಲೆ ಸಿಗದಿದ್ದರೆ ಶಾಲೆ ಮುಚ್ಚುವುದೇ ಗತಿ. ಅಲ್ಲಿಯ ಮೇಷ್ಟ್ರು ನಮ್ಮ ಡ್ರಿಲ್ ಮೇಷ್ಟ್ರ ಬಾಲ್ಯದ ಗೆಳೆಯರು.

ಚನ್ನಗಿರಿಯಿಂದ ಅಲ್ಲಿಯವರೆಗೆ ಸೈಕಲ್ ಮೇಲೆ ಹೋಗೋಣ, ದಾರಿಯಲ್ಲಿ ಕೇಳುತ್ತಾ ಹೋದರೆ ಜನ ಕೊಡುತ್ತಾರೆ ಎಂದರು ಡ್ರಿಲ್ ಮೇಷ್ಟ್ರು. ಅವರು, ಡ್ರಾಯಿಂಗ್ ಮೇಷ್ಟ್ರು, ಕನ್ನಡ ಪಂಡಿತನಾದ ನಾನು, ಹೀಗೆ ಮೂವರು ಹೊರಟೆವು.

ತೆಂಗಿನಕಾಯಿ

ಬೆಳಗ್ಗೆ ನಮ್ಮನ್ನು ಕಳಿಸಿಕೊಡಲು ಪೇಟೆಯವರೆಲ್ಲ ಸೇರಿದ್ದರು. ಸೈಕಲ್‌ಗಳಿಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಅಡಿಕೆ ಮಂಡಿಯ ಯಜಮಾನರೊಬ್ಬರು ಒಂದು ಕಾಯಿ ಒಡೆದರು. ಎದುರು ಮಂಡಿಯವರು ತಾವೇನು ಕಡಿಮೆ ಎಂದು ಎರಡು ಒಡೆದರು. ಮೊದಲಿನವರು ಸುಮ್ಮನಿರುತ್ತಾರೆಯೇ? ಬುಟ್ಟಿಯನ್ನೇ ತರಿಸಿದರು. ಇಬ್ಬರ ಭಕ್ತಿಯೂ ತಣ್ಣಗಾಗುವ ಹೊತ್ತಿಗೆ ರಸ್ತೆ ತುಂಬ ಚಿಪ್ಪಿನ ಚೂರು. ಜೈಕಾರದ ನಡುವೆ ಹೊರಟೆವು, ಜೈಕಾರ ನಿಲ್ಲುವ ಮೊದಲೇ ಮೂರು ಸೈಕಲ್ಲೂ ಪಂಚರ್. ಚಾವಣಿಗಾಗಿ ಹೊರಟ ಸಹಾಯಯಾತ್ರೆಯಿಂದ ಮೊದಲು ಉದ್ಧಾರವಾದವನು ಪಂಚರ್ ಅಂಗಡಿಯವನು.

ಕುಂಬಳಕಾಯಿ

ಸಂತೇಬೆನ್ನೂರು ದಾರಿಯ ರೈತರು ಕೇಳಿದವರನ್ನು ಬರಿಗೈಲಿ ಕಳಿಸುವವರಲ್ಲ. ತೊಲೆ ಇಲ್ಲವಲ್ಲ ಎಂದು ಪೇಚಾಡಿಕೊಂಡು ಕಣ್ಣೆದುರು ಇದ್ದದ್ದನ್ನು ಕೊಟ್ಟರು. ಒಬ್ಬರು ಜೋಳ ಕೊಟ್ಟರು, ಒಬ್ಬರು ಮೆಣಸಿನಕಾಯಿ ಕೊಟ್ಟರು, ಉಳಿದವರೆಲ್ಲ ಕುಂಬಳಕಾಯಿ ಕೊಟ್ಟರು. ಆ ವರ್ಷ ಕುಂಬಳ ಹುಚ್ಚುಹುಚ್ಚಾಗಿ ಬಿಟ್ಟಿತ್ತು. ಬೇಡವೆಂದರೆ ಮುಖ ಊದಿಸಿಕೊಳ್ಳುತ್ತಿದ್ದರು. ಕ್ಯಾರಿಯರ್ ಭಾರಕ್ಕೆ ಡ್ರಾಯಿಂಗ್ ಮೇಷ್ಟ್ರ ಸೈಕಲ್ಲಿನ ಮುಂದಿನ ಚಕ್ರ ಮೇಲೇಳತೊಡಗಿತು.

ಅಂದು ಸಂತೆ. ನಾವು ಸುಧಾರಿಸಿಕೊಳ್ಳಲು ನಿಂತಿದ್ದಾಗ ಒಬ್ಬ ಅಜ್ಜಿ ಬಂದು ಜಗಳಕ್ಕೇ ನಿಂತಳು. ಅವಳೂ ಕುಂಬಳ ಮಾರುವವಳು. ನಾವೂ ಮಾರಲು ಬಂದು ತನ್ನ ವ್ಯಾಪಾರ ಕೆಡಿಸಿದೆವೆಂದು ಅವಳ ಸಿಟ್ಟು. ಡ್ರಾಯಿಂಗ್ ಮೇಷ್ಟ್ರು ಮಕ್ಕಳ ಕಷ್ಟ, ಶಾಲೆಯ ಕಥೆ ಎಲ್ಲ ಬಿಡಿಸಿ ಹೇಳಿದರು. ಅಜ್ಜಿಯ ಕಣ್ಣಲ್ಲಿ ನೀರು ಬಂತು. "ಮೊದ್ಲೇ ಹೇಳಬಾರ್ದೇನ್ರೀ" ಎಂದವಳೇ, ಮಾರಾಟವಾಗದೆ ಉಳಿದಿದ್ದ ತನ್ನ ಕುಂಬಳಕಾಯಿಗಳನ್ನೆಲ್ಲ ಶಾಲೆಗೆ ದಾನ ಮಾಡಿ ಹಗುರಾಗಿ ಮನೆಗೆ ಹೋದಳು.

ಸುತ್ತು

ಕುಂಬಳಕಾಯಿಗಳನ್ನು ಬಸ್ಸಿನ ಟಾಪಿಗೆ ಹಾಕಿ ಕಳಿಸಿ, ಸಂಜೆ ಹೊತ್ತಿಗೆ ಶಾಲೆಯ ಊರಿಗೆ ಮುಂಚೆ ಸಿಗುವ ಹಳ್ಳಿ ಮುಟ್ಟಿದೆವು. ತೊಲೆ ಮಾತ್ರ ಒಂದೂ ಸಿಕ್ಕಿರಲಿಲ್ಲ. ಗೆಳೆಯನಿಗೆ ಏನು ಹೇಳುವುದೆಂದು ಡ್ರಿಲ್ ಮೇಷ್ಟ್ರ ಮುಖ ಸಣ್ಣದಾಗಿತ್ತು. ಅವರನ್ನು ನೋಡಿ ನನಗೂ ಸಂಕಟವಾಯಿತು.

ಇಲ್ಲಿ ನನ್ನದೊಂದು ವಿಷಯ ಹೇಳಬೇಕು. ನಾನು ಗಿಡ್ಡ, ಸೈಕಲ್ ನಮ್ಮಪ್ಪನ ಕಾಲದ್ದು, ಎತ್ತರ. ಕಟ್ಟೆಯಿಂದ ಹತ್ತುತ್ತಿದ್ದೆ, ಕಟ್ಟೆಗೆ ಕಾಲು ಕೊಟ್ಟು ಇಳಿಯುತ್ತಿದ್ದೆ. ಕಟ್ಟೆ ಇಲ್ಲದ ಕಡೆ ಇಳಿಯುವ ವಿದ್ಯೆ ಕಲಿತಿರಲಿಲ್ಲ. ಉಳಿದಿಬ್ಬರು ಇಳಿದು ಊರ ಗೌಡರಿಗೆ ನಮಸ್ಕಾರ ಹೇಳಿ, ಬಂದ ಕಾರಣ ತಿಳಿಸಿದರು. ನಾನು ಊರ ನಡುವಿನ ಬಯಲಿನಲ್ಲಿ ಕಟ್ಟೆ ಹುಡುಕುತ್ತ ಒಂದು ಸುತ್ತು ಹಾಕಿದೆ. ಇದ್ದ ಕಟ್ಟೆ ಜಗಲಿಗಳ ಮೇಲೆಲ್ಲ ಜನ ಕೂತಿದ್ದರು. ಇನ್ನೊಂದು ಸುತ್ತು ಹಾಕಿದೆ. ಜನ ಚಪ್ಪಾಳೆ ತಟ್ಟಿದರು.

ಹಿಂದಿನ ತಿಂಗಳು ಆ ಊರಿಗೆ ಸೈಕಲ್ ಸರ್ಕಸ್ಸಿನವನು ಬಂದಿದ್ದನಂತೆ. ಹಗಲೂ ರಾತ್ರಿ ಸೈಕಲ್ ಬಿಟ್ಟು ಇಳಿಯದೆ, ಅದರ ಮೇಲೇ ಉಂಡು, ಅದರ ಮೇಲೇ ಸ್ನಾನ ಮಾಡಿದ್ದನಂತೆ. ನಾನೂ ಅದೇ ಪೈಕಿ ಎಂದು ಊರು ತೀರ್ಮಾನಿಸಿತು. ಯಾರೋ ಓಡಿಬಂದು ಮಜ್ಜಿಗೆ ಲೋಟ ಕೈಗಿಟ್ಟರು. ಇನ್ಯಾರೋ ಒಂದು ಕೊಡ ನೀರು ತಲೆ ಮೇಲೆ ಸುರಿದರು.

ಗೌಡರಿಗೆ ಹುರುಪು ಬಂತು. "ದನ ಮನೀಗೆ ಬರೋ ತನ್ಕ ಇಳೀದಂಗೆ ಸುತ್ರಿ. ಕೊಟ್ಟಿಗೆ ಕಟ್ಟಾಕೆ ಕೊಯ್ಸಿಟ್ಟ ಬೇವಿನ ತೊಲೆ ಅಷ್ಟೂ ಶಾಲೆಗೆ ಕೊಡ್ತೀನಿ. ಇಳಿದ್ರೆ ಇಲ್ಲ."

ಡ್ರಿಲ್ ಮೇಷ್ಟ್ರು ನನ್ನ ಕಡೆ ದೇವರನ್ನು ನೋಡುವ ಹಾಗೆ ನೋಡಿದರು. ನನ್ನ ತೊಡೆಗಳು ಆಗಲೇ ನಡುಗುತ್ತಿದ್ದವು. ಆದರೆ ಇಳಿಯುವುದು ನನ್ನ ಕೈಲಿ ಎಲ್ಲಿತ್ತು?

ಕುರಿ ಬಂದವು, ದನ ಬಂದವು. ಅವುಗಳ ನಡುವೆಯೇ ಧೂಳು ಕುಡಿಯುತ್ತ ಸುತ್ತಿದೆ. ಕೊನೆಯ ಎಮ್ಮೆಯೂ ಮನೆ ಸೇರಿತು. ಗೌಡರು ಕೈಯೆತ್ತಿ, ಗೆದ್ದಿರಿ ಮೇಷ್ಟ್ರೇ, ತೊಲೆ ನಿಮ್ಮವು, ಇಳಿಯಿರಿ ಎಂದರು. ಖುಷಿಗೆ ನನ್ನ ಕಣ್ಣು ತುಂಬಿತು. ಇಳಿಯೋಣವೆಂದರೆ ಒಬ್ಬರೂ ಜಗಲಿ ಬಿಟ್ಟು ಎದ್ದಿರಲಿಲ್ಲ. ಮಾತಾಡಲು ಉಸಿರಿಲ್ಲದೆ, ಆಗುವುದಿಲ್ಲವೆಂದು ತಲೆಯಲ್ಲಾಡಿಸಿ ಮುಂದೆ ಹೋದೆ. ಗೌಡರು ಸ್ವಲ್ಪ ಯೋಚಿಸಿ, ಬಾಗಿಲನ್ನೂ ಚೌಕಟ್ಟನ್ನೂ ಕೊಡುವುದಾಗಿ ಹೇಳಿದರು. ಮತ್ತೆ ತಲೆಯಲ್ಲಾಡಿಸಿದೆ. ಮುಂದಿನ ಸುತ್ತಿಗೆ ಎರಡು ಕಿಟಕಿ ಸೇರಿದವು. ಎಂಥ ಗಟ್ಟಿ ಮನುಷ್ಯ ಎಂದು ಊರವರು ಮಾತಾಡಿಕೊಂಡರು.

ನನಗೆ ಕಣ್ಣು ಕತ್ತಲೆ ಬಂದಿತ್ತು. ಹಿಡಿದು ಇಳಿಸಿರೆಂದು ಡ್ರಿಲ್ ಮೇಷ್ಟ್ರಿಗೆ ಸನ್ನೆ ಮಾಡಿದೆ. ನನಗೆ ಇಳಿಯಲು ಬರುವುದಿಲ್ಲವೆಂದು ಅವರೊಬ್ಬರಿಗೇ ಗೊತ್ತಿತ್ತು. ಅವರು ಸೈಕಲ್ ಪಕ್ಕದಲ್ಲೇ ಓಡಿಬಂದು ಸೀಟಿಗೆ ಕೈ ಹಾಕಿದರು. ಸದ್ಯ, ಬದುಕಿದೆ ಎಂದುಕೊಂಡೆ. ಅವರು ನನ್ನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದರು:

"ಇನ್ನೊಂದ್ ಸುತ್ತು ಹಾಕ್ರಿ ಪಂಡಿತ್ರೇ, ಕರಿಹಲಗೆ ಒಂದು ಬಾಕಿ ಐತೆ."